ಐಡಿಯಾ ಐತ್ರಿ ಸರ್, ರೊಕ್ಕ ಯಾರು ಕೊಡ್ತಾರ್ರಿ?

ರಾತ್ರಿ ಒಂಬತ್ತರ ಬುಲೆಟಿನ್ ಮುಗಿಸಿ ಮೇಕಪ್ ಒರೆಸಿಕೊಳ್ಳುತ್ತಿದ್ದೆ. ಆವತ್ತು ಸ್ವಂತ ಉದ್ಯೋಗಕ್ಕೆ ಸಿಗುವ ಸಾಲ, ಸಬ್ಸಿಡಿಗಳ ಬಗ್ಗೆ ಒಂದು ಗಂಟೆ ಮಾತಾಡಿದ್ದೆ. ಅದನ್ನು ನೋಡಿ ಹಾನಗಲ್ ತಾಲೂಕಿನ ಹುಡುಗನೊಬ್ಬ ಫೋನ್ ಮಾಡಿದ್ದ.

"ಸರ್, ನಮಸ್ಕಾರ್ರಿ. ನನ್ನ ಹತ್ರ ಒಂದು ಐಡಿಯಾ ಐತ್ರಿ. ರೊಕ್ಕ ಯಾರು ಕೊಡ್ತಾರ್ರಿ?"

ಹಾನಗಲ್ ಅಂದರೆ ಭತ್ತ, ಹಾನಗಲ್ ಅಂದರೆ ಮಾವು. ಅಲ್ಲಿನ ಆಪೂಸ್ ತಿಂದವರಿಗೆ ಹೇಳಬೇಕಿಲ್ಲ. ಹುಡುಗನ ಐಡಿಯಾನೂ ಅದೇ. ಮಾವಿನಹಣ್ಣಿನ ಪಲ್ಪ್ ತೆಗೆದು, ಬಾಟಲಿಗೆ ತುಂಬಿ, ವರ್ಷಪೂರ್ತಿ ಸೀಕರಣೆ ಮಾಡಿಕೊಳ್ಳುವ ಹಾಗೆ ಮಾರಬೇಕು. ಸೀಜನ್‌ನಲ್ಲಿ ದಲ್ಲಾಳಿ ಹೇಳಿದ ರೇಟಿಗೆ ಹಣ್ಣು ಕೊಡುವುದು ತಪ್ಪಬೇಕು. ಒಳ್ಳೆಯ ಐಡಿಯಾ. ನಾನು ಒಂದೇ ಪ್ರಶ್ನೆ ಕೇಳಿದೆ. "ತಮ್ಮಾ, ಇಲ್ಲೀ ತನಕ ನಿನ್ನ ಪಲ್ಪ್ ಎಷ್ಟು ಮಂದಿ ರೊಕ್ಕ ಕೊಟ್ಟು ತಗೊಂಡಾರ?"

ಆ ಕಡೆ ಸದ್ದಿಲ್ಲ. ಆಮೇಲೆ ಬಂತು ಉತ್ತರ. "ಇನ್ನೂ ಮಾಡಿಲ್ರಿ. ಮಶಿನ್ ಬಂದ್ ಮ್ಯಾಲೆ ಮಾಡೋದ್ರಿ. 20 ಲಕ್ಷದ ಪ್ರಾಜೆಕ್ಟ್ ಐತ್ರಿ. ಅಪ್ಪಾರು ಮೂರೆಕರೆ ಅಡಾ ಇಡಾಕ ಒಪ್ಯಾರ್ರಿ."

ಮೇಕಪ್ ಒರೆಸುವ ಕೈ ಅಲ್ಲೇ ನಿಂತಿತು. ಯಾಕಂದ್ರೆ ಆ ಮೂರೆಕರೆ ಬಿಟ್ಟರೆ ಆ ಮನೆಗೆ ಬೇರೇನೂ ಇಲ್ಲ ಅನ್ನುವುದು ಮುಂದಿನ ಐದು ನಿಮಿಷದ ಮಾತಿನಲ್ಲಿ ಗೊತ್ತಾಯಿತು.

ಹಾವೇರಿ ಜಿಲ್ಲೆಯಿಂದ ನನಗೆ ಇಂಥ ಫೋನು ಬರುವುದು ಹೊಸದೇನಲ್ಲ. ಶಿಗ್ಗಾವಿಯಿಂದ ಸ್ವಸಹಾಯ ಸಂಘದ ಅಕ್ಕನವರೊಬ್ಬರು ಖಡಕ್ ರೊಟ್ಟಿಯ ಮಶಿನ್ ಬಗ್ಗೆ ಕೇಳಿದ್ದರು. ಸವಣೂರಿನ ಎಲೆಬಳ್ಳಿ ತೋಟದವರ ಮಗ ವೀಳ್ಯದೆಲೆಯನ್ನು ಬಾಡದ ಹಾಗೆ ಪ್ಯಾಕ್ ಮಾಡಿ ದೂರದ ಊರಿಗೆ ಕಳಿಸುವ ಕನಸು ಹೇಳಿದ್ದ. ಹಿರೇಕೆರೂರಿನ ಒಬ್ಬ ಎಂಜಿನಿಯರಿಂಗ್ ಹುಡುಗ ಗೋವಿನಜೋಳ ಒಕ್ಕುವ ಮಶಿನ್‌ಗಳನ್ನು ಬಾಡಿಗೆಗೆ ಕೊಡಿಸುವ ಆ್ಯಪ್ ಮಾಡ್ತೀನಿ ಅಂದಿದ್ದ. ನಾಲ್ಕೂ ಐಡಿಯಾ ಮಣ್ಣಿನಿಂದಲೇ ಎದ್ದು ಬಂದವು. ನಾಲ್ವರ ಮೊದಲ ಪ್ರಶ್ನೆಯೂ ಒಂದೇ. ರೊಕ್ಕ ಯಾರು ಕೊಡ್ತಾರೆ?

ತಪ್ಪು ಅವರದಲ್ಲ. ಟೀವಿಯಲ್ಲಿ ನಾವು ತೋರಿಸುವುದೂ ಅದನ್ನೇ. ಯಾವನೋ ಇಷ್ಟು ಕೋಟಿ ಫಂಡಿಂಗ್ ತಂದ, ಸರ್ಕಾರ ಇಷ್ಟು ಪರ್ಸೆಂಟ್ ಸಬ್ಸಿಡಿ ಕೊಟ್ಟಿತು. ರಿಬ್ಬನ್ ಕತ್ತರಿಸುವಾಗ ನಮ್ಮ ಕ್ಯಾಮೆರಾ ಇರುತ್ತೆ. ಅದಕ್ಕಿಂತ ಮುಂಚಿನ ಎರಡು ವರ್ಷ ಆ ಮನುಷ್ಯ ಏನು ಮಾಡ್ತಿದ್ದ, ಅದು ಬ್ರೇಕಿಂಗ್ ನ್ಯೂಸ್ ಆಗಲ್ಲ ನೋಡಿ.

ನಾನೂ ಕೈ ಸುಟ್ಟುಕೊಂಡವನೇ. ವರದಿಗಾರನಾಗಿದ್ದ ಕಾಲದಲ್ಲಿ ಇಬ್ಬರು ಗೆಳೆಯರು ಸೇರಿ ಮಾಸಪತ್ರಿಕೆ ಶುರು ಮಾಡಿದೆವು. ಒಬ್ಬ ಚಂದಾದಾರನೂ ಇಲ್ಲದೆ ಮೊದಲ ಸಂಚಿಕೆ ಎರಡು ಸಾವಿರ ಪ್ರತಿ ಅಚ್ಚು ಹಾಕಿಸಿದೆವು. ಮೂರನೇ ಸಂಚಿಕೆಗೆ ಪತ್ರಿಕೆ ನಿಂತಿತು. ಉಳಿದ ಕಟ್ಟುಗಳ ಮೇಲೆ ನಮ್ಮಮ್ಮ ಬಹಳ ದಿನ ಹಪ್ಪಳ ಒಣಗಿಸಿದಳು.

ಈಗ ಪಕ್ಕದ ಧಾರವಾಡ ಜಿಲ್ಲೆಗೆ ಬನ್ನಿ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ರೈತ. ಅವರ ಮೊದಲ ಆವಿಷ್ಕಾರ ಕೇಳಿದರೆ ನಗು ಬರುತ್ತೆ. ಬೆಳಗ್ಗೆ ಬೇಗ ಏಳಲು ಆಗುತ್ತಿರಲಿಲ್ಲ. ಅಲಾರಂ ಗಡಿಯಾರದ ಕೀಲಿಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಗೆ ನೀರಿನ ಬಾಟಲಿ ಕಟ್ಟಿದರು. ಅಲಾರಂ ಹೊಡೆದಾಗ ಕೀಲಿ ತಿರುಗಿ, ದಾರ ಎಳೆದು, ನೀರು ಮುಖದ ಮೇಲೆ! ಆಮೇಲೆ ಹುಣಸೆ ಬೆಳೆದರು. ಹುಣಸೆಯ ಬೀಜ ಬಿಡಿಸುವುದು ಆಳುಗಳ ಕೈಯಲ್ಲಿ ಮುಗಿಯದ ಕೆಲಸ. ಅದಕ್ಕೊಂದು ಯಂತ್ರ ಮಾಡಿದರು. ಬಿತ್ತನೆಗೆ ಬೀಜ, ಗೊಬ್ಬರ ಎರಡನ್ನೂ ಒಟ್ಟಿಗೆ ಹಾಕುವ ಕೂರಿಗೆ ಮಾಡಿದರು.

ಇಲ್ಲಿ ಒಂದು ವಿಷಯ ಗಮನಿಸಿ. ಹುಣಸೆ ಯಂತ್ರದ ಮೊದಲ ಗಿರಾಕಿ ನಡಕಟ್ಟಿನ ಅವರೇ. ಹುಣಸೆ ಅವರದ್ದು, ತಾಪತ್ರಯ ಅವರದ್ದು. ಯಂತ್ರ ಕೈಕೊಟ್ಟರೆ ನಷ್ಟವೂ ಅವರದ್ದೇ, ಅದೂ ಒಂದು ಯಂತ್ರದಷ್ಟೇ.

ಅದು ಒಬ್ಬ ರೈತನ ಮಾತಾಯಿತು. ದೊಡ್ಡ ಕಾರ್ಖಾನೆಗೆ ಇದು ಹೊಂದುತ್ತಾ ಅಂತ ಕೇಳಬಹುದು. ಪುತ್ತೂರಿನ ಚಾಕೊಲೇಟ್ ಕಾರ್ಖಾನೆ ನೋಡಿ. ಅಡಿಕೆ ಬೆಲೆ ಕುಸಿದು ಬೆಳೆಗಾರ ಕಂಗಾಲಾಗಿದ್ದಾಗ, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಕ್ಯಾಂಪ್ಕೊ ಹುಟ್ಟಿತು. ಮುಂದೆ ಅದೇ ಬೆಳೆಗಾರರು ಕೋಕೊ ಹಾಕಿದರು. 1980ರ ಹೊತ್ತಿಗೆ ಕೋಕೊ ಬೆಲೆಯೂ ಬಿತ್ತು, ಕೊಳ್ಳುವವರು ಹಿಂದೆ ಸರಿದರು. ಕ್ಯಾಂಪ್ಕೊ ತಕ್ಷಣ ಕಾರ್ಖಾನೆ ಕಟ್ಟಲಿಲ್ಲ. ಮೊದಲು ಕೋಕೊ ಕೊಳ್ಳೋಕೆ ಶುರು ಮಾಡಿತು. ಒಣಬೀಜ ಮಾಡಿಸಿತು, ಮಾರಿತು. ಪುತ್ತೂರಿನ ಕಾರ್ಖಾನೆ ಬಂದದ್ದು 1986ರಲ್ಲಿ. ಅಷ್ಟು ಹೊತ್ತಿಗೆ ಕಾಯಿ ಎಲ್ಲಿಂದ ಬರುತ್ತೆ, ಎಷ್ಟು ಬರುತ್ತೆ ಅನ್ನುವುದು ಅವರಿಗೆ ಅಂಗೈ ಗೆರೆಯಷ್ಟು ಗೊತ್ತಿತ್ತು. ಇವತ್ತೂ ಆ ಕಾರ್ಖಾನೆ ನಡೀತಿದೆ.

ನಮ್ಮ ಹುಬ್ಬಳ್ಳಿ ಮೂಲದ ಗುರುರಾಜ ದೇಶಪಾಂಡೆ ಅಮೆರಿಕದಲ್ಲಿ ಕಂಪನಿ ಕಟ್ಟಿ ಗೆದ್ದವರು. ಅವರು 2002ರಲ್ಲಿ ಎಂಐಟಿಯಲ್ಲಿ ದುಡ್ಡು ಕೊಟ್ಟು ಒಂದು ಕೇಂದ್ರ ಮಾಡಿಸಿದ್ದು ಇದೇ ಕಾರಣಕ್ಕೆ. ಲ್ಯಾಬಿನಲ್ಲಿ ಐಡಿಯಾ ಇದೆ, ಮಾರುಕಟ್ಟೆಗೆ ಬರ್ತಾ ಇಲ್ಲ. ಅಲ್ಲೂ ಮೊದಲ ಹಂತದಲ್ಲಿ ಕೊಡುವುದು ಚಿಕ್ಕ ಅನುದಾನ. ಐಡಿಯಾ ನಿಲ್ಲುತ್ತೆ ಅಂತ ಕಂಡರೆ ಆಮೇಲೆ ದೊಡ್ಡದು. ಅವರದೇ ದೇಶಪಾಂಡೆ ಫೌಂಡೇಶನ್ ಹುಬ್ಬಳ್ಳಿಯಲ್ಲೂ ಇದೆ. ಶಿಗ್ಗಾವಿಯಿಂದ ಬಸ್ ಹತ್ತಿದರೆ ದೂರವೇನಲ್ಲ. ಆದರೆ ನಮ್ಮ ಹುಡುಗರು ಅಲ್ಲಿಗೆ ಹೋಗುವ ಮುಂಚೆ ಮಶಿನ್ ಡೀಲರ್ ಹತ್ರ ಹೋಗಿರ್ತಾರೆ. ಡೀಲರ್ ಏನು ಹೇಳ್ತಾನೆ? ದೊಡ್ಡ ಮಶಿನ್ ತಗೋ ಅಂತಾನೆ, ಇನ್ನೇನು!

ಹಾನಗಲ್ ಹುಡುಗನ ಲೆಕ್ಕಕ್ಕೆ ವಾಪಸ್ ಬರೋಣ. ಅವನ ಕೈಯಲ್ಲಿದ್ದದ್ದು ಕೇಂದ್ರದ ಪಿಎಂಎಫ್‌ಎಂಇ ಯೋಜನೆಯ ಕಾಗದ. 2020ರಲ್ಲಿ ಬಂದದ್ದು, ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗೆ. ಹಾವೇರಿ ಜಿಲ್ಲೆಗೆ ಆ ಯೋಜನೆಯಡಿ ಗುರುತಿಸಿದ ಬೆಳೆ ಮಾವೇ. ಕೇಂದ್ರದ ನಿಯಮದಂತೆ ಯೋಜನಾ ವೆಚ್ಚದ ಶೇ. 35, ಹೆಚ್ಚೆಂದರೆ 10 ಲಕ್ಷ ಸಹಾಯಧನ. ಕರ್ನಾಟಕ ಸರ್ಕಾರ ಮೇಲೆ ಶೇ. 15 ಸೇರಿಸಿ ಒಟ್ಟು ಅರ್ಧಕ್ಕೆ ತಂದು, ಮಿತಿಯನ್ನು 15 ಲಕ್ಷಕ್ಕೆ ಏರಿಸಿತು. ಹುಡುಗ ಹಾಕಿದ ಲೆಕ್ಕ ಸರಳ. 20 ಲಕ್ಷದಲ್ಲಿ 10 ಲಕ್ಷ ಸರ್ಕಾರದ್ದು, ಉಳಿದದ್ದು ತೀರಿಸಿದರಾಯ್ತು.

ಅಲ್ಲೇ ಇರೋದು ಗುಟ್ಟು. ಆ 10 ಲಕ್ಷ ಕೈಗೆ ಬರಲ್ಲ. ಬ್ಯಾಂಕು 18 ಲಕ್ಷ ಸಾಲ ಕೊಡಬೇಕು, ಎರಡು ಲಕ್ಷ ನೀವು ಹಾಕಬೇಕು. ಸಹಾಯಧನ ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಕೂತಿರುತ್ತೆ. ಮೂರು ವರ್ಷ ಕಂತು ತಪ್ಪದೆ ಕಟ್ಟಿ, ಘಟಕ ನಡೀತಿದ್ದರೆ ಆಗ ಸಾಲಕ್ಕೆ ಜಮಾ. ಅಂದರೆ ಸಬ್ಸಿಡಿ ಅನ್ನೋದು ಗೆದ್ದವನಿಗೆ ಕೊಡುವ ಬಹುಮಾನ. ಮೊದಲ ವರ್ಷವೇ ಮುಗ್ಗರಿಸಿದವನಿಗೆ ಅದು ಆಸರೆ ಆಗಲ್ಲ.

ಇನ್ನೊಂದು. ಮಾವು ಹನ್ನೆರಡು ತಿಂಗಳು ಬಿಡಲ್ಲ. ಏಪ್ರಿಲ್‌ನಿಂದ ಜೂನ್ ಒಳಗೆ ಆಟ ಮುಗೀತು. ಮಶಿನ್ ಎರಡು ತಿಂಗಳು ತಿರುಗುತ್ತೆ, ಕಂತು ಹನ್ನೆರಡು ತಿಂಗಳೂ ತಿರುಗುತ್ತೆ. ಉದಾಹರಣೆಗೆ 20 ಟನ್ ಹಣ್ಣು, ಕಿಲೋಗೆ 30 ರೂಪಾಯಿ ಹಿಡಿಯಿರಿ. ಆರು ಲಕ್ಷ ರೂಪಾಯಿ ನಗದು ಆ ಎರಡು ತಿಂಗಳಲ್ಲೇ ಬೇಕು. ಗೊರಟ, ಸಿಪ್ಪೆ ಕಳೆದರೆ ಸಿಗುವ ಪಲ್ಪ್ ಸುಮಾರು ಅರ್ಧ. ಅದು ಮಾರಾಟವಾಗಿ ದುಡ್ಡು ಬರುವುದು ಯಾವಾಗ? ದೀಪಾವಳಿಗೋ, ಸಂಕ್ರಾಂತಿಗೋ. "ಈ ಆರು ಲಕ್ಷ ನಿನ್ನ ಪ್ರಾಜೆಕ್ಟ್ ರಿಪೋರ್ಟ್‌ನ್ಯಾಗ ಎಲ್ಲೈತಿ ತಮ್ಮಾ?" ಅಂದೆ. ಇರಲಿಲ್ಲ. ರಿಪೋರ್ಟ್ ಬರೆದುಕೊಟ್ಟವನಿಗೆ ಹದಿನೈದು ಸಾವಿರ ಮಾತ್ರ ಕೊಟ್ಟಾಗಿತ್ತು! ಅದೇ ಯೋಜನೆಯಲ್ಲಿ ಜಿಲ್ಲಾ ಸಂಪನ್ಮೂಲ ವ್ಯಕ್ತಿ ಅಂತ ಇರ್ತಾರೆ. ರಿಪೋರ್ಟ್, ಅರ್ಜಿ ಎಲ್ಲ ಮಾಡಿಸಿಕೊಡುವುದು ಅವರ ಕೆಲಸ, ಅದರ ಸಂಭಾವನೆ ಯೋಜನೆಯಿಂದಲೇ ಹೋಗುತ್ತೆ.

ಜಮೀನಿನ ಮಾತು ಹೇಳಲೇಬೇಕು. ಸಣ್ಣ ಉದ್ದಿಮೆಗೆ ಒಂದು ಮಿತಿಯವರೆಗಿನ ಸಾಲಕ್ಕೆ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕ್ ಹೇಳಿ ಎಷ್ಟೋ ವರ್ಷ ಆಯ್ತು. ಅದಕ್ಕಿಂತ ಮೇಲಿನ ಸಾಲಕ್ಕೂ ಸರ್ಕಾರದ ಕ್ರೆಡಿಟ್ ಗ್ಯಾರಂಟಿ ವ್ಯವಸ್ಥೆ ಇದೆ. ಮ್ಯಾನೇಜರ್ ಕೇಳುವ ಮುಂಚೆಯೇ ಅಪ್ಪನ ಉತಾರ ಮೇಜಿನ ಮೇಲೆ ಇಡುವವರು ನಾವೇ.

ಹಾಗಾದರೆ ಏನು ಮಾಡಬೇಕಿತ್ತು? ನಾನು ಅವನಿಗೆ ಹೇಳಿದ್ದು ಇಷ್ಟೇ. ಈ ಸೀಜನ್ ಮಶಿನ್ ಮರೆತುಬಿಡು. ನಿಮ್ಮ ಅವ್ವನ ಅಡಿಗೆಮನೆಯಲ್ಲಿ 50 ಕಿಲೋ ಹಣ್ಣಿನಿಂದ ಶುರು ಮಾಡು. ಮೊದಲು ಬೀಗರಿಗೆ, ಮಾಸ್ತರರಿಗೆ ಪುಕ್ಕಟೆ ಕೊಡು, ಬೈಸಿಕೋ. ಮಾರುವ ಮುಂಚೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸು. ಸಣ್ಣ ವಹಿವಾಟಿಗೆ ನೋಂದಣಿ ಸಾಕು, ಶುಲ್ಕ ವರ್ಷಕ್ಕೆ 100 ರೂಪಾಯಿ. ಉದ್ಯಮ್ ನೋಂದಣಿಗೆ ಆ ನೂರೂ ಇಲ್ಲ. ಆಮೇಲೆ ಗುರುತೇ ಇಲ್ಲದ ಮೂವತ್ತು ಜನರಿಗೆ ಪೂರ್ತಿ ರೇಟಿಗೆ ಮಾರು. ನೆಂಟರು ಕೊಂಡರೆ ಲೆಕ್ಕಕ್ಕಿಲ್ಲ, ಅದು ಮುಯ್ಯಿ.

ಸಿಟ್ಟು ಬಂತು ಅವನಿಗೆ. ಇಷ್ಟು ದೊಡ್ಡ ಐಡಿಯಾ ಹೇಳಿದರೆ ಇವನು ಅಡಿಗೆಮನೆಗೆ ಕಳಿಸ್ತಾನಲ್ಲ ಅಂತ ಇರಬೇಕು. "ಆತ್ರಿ" ಅಂತ ಫೋನ್ ಇಟ್ಟ.

ಹಿರೇಕೆರೂರಿನ ಆ್ಯಪ್ ಹುಡುಗನಿಗೂ ಇದನ್ನೇ ಹೇಳಿದ್ದೆ. ನಾಲ್ಕು ಲಕ್ಷ ಕೊಟ್ಟು ಆ್ಯಪ್ ಬರೆಸುವ ಮುಂಚೆ ಒಂದು ವಾಟ್ಸ್ಆ್ಯಪ್ ಗ್ರೂಪ್ ಮಾಡು, ಒಂದೇ ಊರು, ಒಂದೇ ಸುಗ್ಗಿ. ಅವನು ಮಾಡಿದ. ಎರಡೇ ವಾರದಲ್ಲಿ ಗೊತ್ತಾಯ್ತು, ರೈತರಿಗೆ ಮಶಿನ್ ಹುಡುಕುವುದು ಕಷ್ಟವೇ ಅಲ್ಲ, ಎಲ್ಲರ ಮಾಲಕರ ನಂಬರೂ ಎಲ್ಲರ ಹತ್ರ ಇದೆ. ಕಷ್ಟ ಇರೋದು ಒಕ್ಕಿದ ಕಾಳು ಒಣಗಿಸುವುದರಲ್ಲಿ, ಮಳೆ ಬಂದರೆ ಮುಚ್ಚಲು ತಾಡಪತ್ರಿ ಸಿಗದಿರುವುದರಲ್ಲಿ. ಈಗ ಅವನು ತಾಡಪತ್ರಿ ಬಾಡಿಗೆಗೆ ಕೊಡ್ತಾನೆ. ಆ್ಯಪ್ ಇಲ್ಲ. ಎಂಜಿನಿಯರ್ ಮಗ ತಾಡಪತ್ರಿ ಮಡಚ್ತಾನೆ ಅಂತ ಅವರಪ್ಪನಿಗೆ ಸ್ವಲ್ಪ ಬೇಜಾರಿದೆ, ಅದು ಬೇರೆ ಮಾತು. ಸವಣೂರಿನ ಹುಡುಗ ಮತ್ತೆ ಫೋನ್ ಮಾಡಲಿಲ್ಲ. ಶಿಗ್ಗಾವಿಯ ಅಕ್ಕನವರು ಮಾತ್ರ ನನ್ನನ್ನೇ ಸುಮ್ಮನಾಗಿಸಿದ್ದರು. "ಗಿರಾಕಿ ಅದಾರ್ರಿ ಸರ್, ವಾರಕ್ಕ ಎರಡು ಸಾವಿರ ರೊಟ್ಟಿ ಹೊಕ್ಕಾವು, ಬಡಿದು ಬಡಿದು ರಟ್ಟಿ ಬಿದ್ದಾವು, ಅದಕ್ಕ ಮಶಿನ್ ಕೇಳಾಕತ್ತೀನಿ" ಅಂದರು. ಇಂಥವರು ಸಾಲ ಕೇಳಿದರೆ ಮರುಮಾತಿಲ್ಲದೆ ಕೊಡಬೇಕು.

ಹಾನಗಲ್ ಹುಡುಗ? ಜುಲೈ ತಿಂಗಳಲ್ಲಿ ಫೋನ್ ಬಂತು. ಮೂವತ್ತು ಜನಕ್ಕೆ ಮಾರಿದ್ದ. ಹನ್ನೊಂದು ಬಾಟಲಿ ಹುಳಿ ಬಂದು ಮುಚ್ಚಳ ಹಾರಿಸಿದ್ದವು. ಒಬ್ಬರ ಹೊಸ ಫ್ರಿಜ್ ತುಂಬ ಸೀಕರಣೆಯಂತೆ. ಹನ್ನೊಂದು ಮನೆಗೂ ಹೋಗಿ ರೊಕ್ಕ ವಾಪಸ್ ಕೊಟ್ಟು ಬಂದಿದ್ದ. ಪಲ್ಪನ್ನು ಎಷ್ಟು ಬಿಸಿ ಮಾಡಬೇಕು, ಬಿಸಿ ಇರುವಾಗಲೇ ಶುದ್ಧ ಮಾಡಿದ ಬಾಟಲಿಗೆ ಹೇಗೆ ತುಂಬಬೇಕು ಅನ್ನುವುದು ಅವನಿಗೆ ಗೊತ್ತೇ ಇರಲಿಲ್ಲ. 20 ಲಕ್ಷದ ಮಶಿನ್ ಬಂದಿದ್ದರೆ ಮುಚ್ಚಳ ಹಾರುವುದು ಹನ್ನೊಂದಕ್ಕೆ ನಿಲ್ಲುತ್ತಿತ್ತಾ? ಮೈಸೂರಿನ ಸಿಎಫ್‌ಟಿಆರ್‌ಐಗೆ ಹೋಗಿ ತರಬೇತಿ ಕೇಳು ಅಂದೆ. ಹೋಗಿ ಬಂದ. ಮರುವರ್ಷ ಯಂತ್ರ ಇದ್ದವರ ಹತ್ತಿರ ಜಾಬ್ ವರ್ಕ್‌ಗೆ ಹಣ್ಣು ಕೊಟ್ಟು ಪಲ್ಪ್ ಮಾಡಿಸಿದ. ಅವ್ವ ಮಾಡಿದ ಮಾವಿನಹಣ್ಣಿನ ಹಪ್ಪಳ ಜೊತೆಗಿಟ್ಟ. ಪಲ್ಪಿಗಿಂತ ಹಪ್ಪಳ ಮೊದಲು ಖಾಲಿ ಆಯ್ತು.

ಈ ವರ್ಷ ಸಾಲಕ್ಕೆ ಅರ್ಜಿ ಹಾಕಿದ್ದಾನೆ. 20 ಲಕ್ಷಕ್ಕಲ್ಲ, ಆರು ಲಕ್ಷಕ್ಕೆ. ಹಪ್ಪಳ ಒಣಗಿಸುವ ಡ್ರೈಯರ್ ಮತ್ತು ಒಂದು ಚಿಕ್ಕ ಪಲ್ಪರ್. ಅರ್ಜಿ ಜೊತೆ ಎರಡು ಸೀಜನ್‌ನ ಮಾರಾಟದ ಪುಸ್ತಕ ಇಟ್ಟಿದ್ದ. ಅಪ್ಪನ ಉತಾರ ಟ್ರಂಕಿನಲ್ಲೇ ಉಳೀತು.

ಮೊನ್ನೆ ಫೋನ್ ಮಾಡಿ ಉದ್ಘಾಟನೆಗೆ ಬರ್ರಿ ಸರ್ ಅಂದ. ರಿಬ್ಬನ್ ಕತ್ತರಿಸಾಕ ಬರಲ್ಲ, ಒಂದು ಡಜನ್ ಹಪ್ಪಳ ಕಳಿಸು ಅಂದೆ. ಕಳಿಸಿದ. ಪಾರ್ಸೆಲ್ ಒಳಗೆ ಬಿಲ್ಲೂ ಇತ್ತು, ಕೊರಿಯರ್ ಚಾರ್ಜ್ ಸೇರಿಸಿ.