ಒಂದೇ ಪೊಟ್ಟಣ, ಎರಡು ಕಲ್ಲುಹೂ

ಅರಕಲಗೂಡಿನ ಅಜ್ಜಿ ಮನೆಯಲ್ಲಿ ಬಾಡೂಟದ ಮಸಾಲೆ ಹುರಿಯುವ ದಿನ ಕಲ್ಲುಹೂ ಆರಿಸುವ ಕೆಲಸ ನನ್ನದು. ಕಡ್ಡಿ, ತೊಗಟೆ ತೆಗೆದರೆ ಮುಗಿಯಿತು. ಕಳೆದ ರಜೆಯಲ್ಲಿ ಆರಿಸುತ್ತಾ ಕುಳಿತಾಗ ಅನುಮಾನ ಬಂತು: ಇವೆಲ್ಲ ಒಂದೇ ಥರ ಇಲ್ಲವಲ್ಲ!

ಹೂ ಎನ್ನುತ್ತೇವೆ, ಆದರೆ ಇದು ಹೂವಲ್ಲ, ಗಿಡವೂ ಅಲ್ಲ. ಶಿಲೀಂಧ್ರ ಮತ್ತು ಪಾಚಿ ಕೂಡಿ ಬಾಳುವ ಲೈಕೆನ್. ಚನ್ನರಾಯಪಟ್ಟಣದ ಅತ್ತೆಯ ತೋಟದಲ್ಲಿ ತೆಂಗಿನ ಕಾಂಡಕ್ಕೆ ಅಂಟಿದ ಬಿಳಿ ಮಚ್ಚೆಗಳೂ ಲೈಕೆನ್ನೇ. ‘ಅದು ರೋಗವಲ್ಲ ಮಾವ’ ಎಂದು ಹೇಳಿ ಬೈಸಿಕೊಂಡಿದ್ದೇನೆ.

ಪೊಟ್ಟಣದಲ್ಲಿದ್ದದ್ದು ಮುಖ್ಯವಾಗಿ ಇಬ್ಬರು ದಾಯಾದಿಗಳು. ಎರಡೂ ಮೇಲೆ ಬೂದಿ ಬಣ್ಣ, ಕೆಳಗೆ ಕಪ್ಪು. ಪಾರ್ಮೋಟ್ರೆಮಾ ಪರ್ಲೇಟಂನ ಅಂಚಿನಲ್ಲಿ ಹಿಟ್ಟು ಮೆತ್ತಿದಂಥ ಪುಡಿ, ಜೊತೆಗೆ ಸಣ್ಣ ಕಪ್ಪು ಕೂದಲು. ಪಾರ್ಮೋಟ್ರೆಮಾ ಟಿಂಕ್ಟೋರಂಗೆ ಕೂದಲಿಲ್ಲ. ಮೈಮೇಲೆಲ್ಲ ಮರಳು ಚೆಲ್ಲಿದಂತೆ ಪುಟ್ಟ ಮೊಳೆಗಳು. ಆ ಪುಡಿ, ಈ ಮೊಳೆ ಉದುರಿಯೇ ಇವುಗಳ ಸಂತಾನ ಹರಡುವುದು.

ಕಣ್ಣು ಸೋತರೆ ಬ್ಲೀಚಿಂಗ್ ಪೌಡರ್ ಇದೆ. ಮೇಲ್ಪದರ ಕೆರೆದು, ಒಳಗಿನ ಬಿಳಿ ಭಾಗಕ್ಕೆ ಬ್ಲೀಚಿಂಗ್ ನೀರಿನ ಒಂದು ಹನಿ ಬಿಡಬೇಕು. ಟಿಂಕ್ಟೋರಂ ಆದರೆ ಕ್ಷಣದಲ್ಲೇ ಕೆಂಪಾಗುತ್ತದೆ. ಅದರಲ್ಲಿರುವ ಲೆಕನೋರಿಕ್ ಆಮ್ಲ ಕಾರಣ. ಪರ್ಲೇಟಂ ಕೆಂಪಾಗುವುದಿಲ್ಲ. ನಾನು ಖುಷಿಯಿಂದ ಕೂಗಿದರೆ ಅಜ್ಜಿ, ‘ಲೋ, ಅದನ್ನ ಮತ್ತೆ ಮಸಾಲೆಗೆ ಹಾಕ್ಬುಟ್ಟೀಯ ಕಣ್ಲಾ!’ ಎಂದರು.

ಎರಡೂ ಹಲವು ದೇಶಗಳಲ್ಲಿವೆ, ನಾಳೆಯೇ ಅಳಿದುಹೋಗುವಂಥವಲ್ಲ. ಆದರೆ ಇಂಥ ಲೈಕೆನ್ ಬೆಳೆಯುವುದು ವರ್ಷಕ್ಕೆ ಕೆಲವೇ ಮಿಲಿಮೀಟರ್. ಕಿತ್ತ ಜಾಗ ತುಂಬಲು ಎಷ್ಟೋ ವರ್ಷ ಬೇಕು. ಟಿಂಕ್ಟೋರಂಗೆ ಹೊಗೆಯೂ ಆಗದು. ಜಪಾನಿನಲ್ಲಿ ಅದನ್ನು ನೋಡಿಯೇ ಊರಿನ ಗಾಳಿಯ ಶುದ್ಧಿ ತಿಳಿಯುತ್ತಾರೆ. ಕೆನಡಾ, ಸ್ಕ್ಯಾಂಡಿನೇವಿಯಾದ ಎರಿಯೋಡರ್ಮಾ ಪೆಡಿಸೆಲೇಟಂ ಎಂಬ ಲೈಕೆನ್ 2003ರಲ್ಲಿ ಐಯುಸಿಎನ್ ಕೆಂಪು ಪಟ್ಟಿಗೆ ಸೇರಿತು, ತೀವ್ರ ಅಪಾಯದಲ್ಲಿರುವ ಜೀವಿಯೆಂದು. ಅದನ್ನು ಅದರದೇ ಹೆಸರಿನಲ್ಲಿ ಎಣಿಸುವವರಿದ್ದರು. ನಮ್ಮಲ್ಲಿ ಎರಡು ಜಾತಿ ಒಂದೇ ಚೀಲದಲ್ಲಿ, ಒಂದೇ ತಕ್ಕಡಿಯಲ್ಲಿ. ಎರಡು ಬಗೆಯ ಬೋಲ್ಟನ್ನು ಒಂದೇ ನಂಬರಿನಲ್ಲಿ ಬರೆದಿಟ್ಟರೆ ಯಾವುದು ಖಾಲಿಯಾಗುತ್ತಿದೆ ಎಂದು ಹೇಗೆ ಗೊತ್ತಾಗಬೇಕು? ಬಿಇ ಓದುವವನಿಗೆ ಇದು ಬೇಗ ಹೊಳೆಯಿತು.

ಹೊಳೆನರಸೀಪುರದ ನಮ್ಮ ಮನೆಗೆ ಬರುವಾಗ ಹಾಸನದ ದಿನಸಿ ಅಂಗಡಿಯಲ್ಲಿ ಕೇಳಿದೆ, ‘ಅಣ್ಣ, ಇದರಲ್ಲಿ ಎಷ್ಟು ಜಾತಿ?’

‘ಕಲ್ಲುಹೂನಲ್ಲಿ ಜಾತಿ ಎಂಥದ್ದು? ಐವತ್ತು ಗ್ರಾಂ ಕೊಡ್ಲಾ, ನೂರಾ?’

ಐವತ್ತು ಕೊಂಡೆ. ಈಗ ನನ್ನ ಮೇಜಿನ ಮೇಲೆ ಎರಡು ಗುಡ್ಡೆಗಳಿವೆ. ಕೂದಲಿರುವ ಗುಡ್ಡೆ ಚಿಕ್ಕದು.