ಚೌಕ ಕಾಲದ ಡಿಜೆಗಳು

ನಮ್ಮ ಅರೇಹಳ್ಳಿ ಕಡೆ ಡಿಜೆ ಎಂದರೆ ಗಣಪತಿ ಬಿಡುವ ದಿನ ಟ್ರ್ಯಾಕ್ಟರ್ ಮೇಲೆ ಪೇರಿಸಿದ ಸ್ಪೀಕರುಗಳು, ಎದೆ ನಡುಗಿಸುವ ಸದ್ದು. ಅದೇ ಕಸುಬಿನಿಂದ ಹುಟ್ಟಿದ, ಆದರೆ ನಿಧಾನವನ್ನೇ ನಂಬಿದ ಇನ್ನೊಂದು ಸಂಗೀತವಿದೆ. ಅದಕ್ಕೆ ಡೌನ್‌ಟೆಂಪೊ ಎನ್ನುತ್ತಾರೆ. ವಿಯೆನ್ನಾದ ಪೀಟರ್ ಕ್ರೂಡರ್ ಮತ್ತು ರಿಚರ್ಡ್ ಡೋರ್ಫ್‌ಮೈಸ್ಟರ್ 1996ರಲ್ಲಿ ಬರ್ಲಿನ್ನಿನ ಕೆ7 ಸಂಸ್ಥೆಯ ‘ಡಿಜೆ ಕಿಕ್ಸ್’ ಮಾಲಿಕೆಗೆ ಮಾಡಿಕೊಟ್ಟ ಮಿಕ್ಸ್ ಆಲ್ಬಂ ಆ ಬಗೆಯ ಒಂದು ಶಿಖರ. ಅದರಲ್ಲಿ ಅವರ ಸ್ವಂತದ್ದಾಗಿ ‘ಬ್ಲ್ಯಾಕ್ ಬೇಬಿ’ ಇದೆ. ಉಳಿದದ್ದು ಬಹುಪಾಲು ಬೇರೆಯವರ ರಚನೆ.

ಬೇರೆಯವರ ಹಾಡುಗಳನ್ನು ಒಂದರ ಬೆನ್ನಿಗೊಂದು ಹಾಕಿದವರನ್ನು ಕಲಾವಿದರು ಎನ್ನಬೇಕೆ? ಮಿಕ್ಸ್ ಆಲ್ಬಂ ಬಗ್ಗೆ ಬರೆಯುವವರು ಈ ಪ್ರಶ್ನೆಯನ್ನು ದಾಟಿಯೇ ಮುಂದೆ ಹೋಗಬೇಕು. ಸಂಗೀತ ಕಚೇರಿ ಕೇಳಿ ಬೆಳೆದವರಿಗೆ ಉತ್ತರ ದೂರವಿಲ್ಲ. ನಮ್ಮ ಹಾಸನ ಜಿಲ್ಲೆಯದೇ ಆದ ರುದ್ರಪಟ್ಟಣದಲ್ಲಿ 1920ರಲ್ಲಿ ಹುಟ್ಟಿದ ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಜೀವನವಿಡೀ ಹೆಚ್ಚಾಗಿ ಹಾಡಿದ್ದು ತ್ಯಾಗರಾಜರು, ದೀಕ್ಷಿತರಂಥವರ ಕೃತಿಗಳನ್ನು. ಅದಕ್ಕಾಗಿ ಅವರನ್ನು ಯಾರೂ ಕಡಿಮೆ ಎಣಿಸಲಿಲ್ಲ. ಆರಂಭದ ವರ್ಣ ಮುಗಿದ ಮೇಲೆ ಯಾವ ಕೃತಿ, ರಾಗವಿಸ್ತಾರಕ್ಕೆ ಎಷ್ಟು ಹೊತ್ತು, ಮೃದಂಗದ ತನಿ ಆವರ್ತನದ ಬಿಸಿ ಆರುವ ಮುನ್ನ ಸಭೆಗೆ ಏನು ಕೊಡಬೇಕು ಎಂಬ ವಿವೇಚನೆಯೂ ವಿದ್ವತ್ತೇ. ಇಂದಿನ ಕಚೇರಿಯ ಕ್ರಮವನ್ನು ರೂಢಿಗೆ ತಂದ ಅರಿಯಾಕುಡಿ ರಾಮಾನುಜ ಅಯ್ಯಂಗಾರರನ್ನು ಆ ಒಂದು ಕಾರಣಕ್ಕೇ ನೆನೆಯುವವರಿದ್ದಾರೆ.

ಗಾಯಕರಾದರೋ ತಾವೇ ಹಾಡುತ್ತಾರೆ, ಡಿಜೆ ರೆಕಾರ್ಡಿನ ತಟ್ಟೆ ತಿರುಗಿಸುತ್ತಾನೆ ಅಷ್ಟೆ ಎಂದು ಯಾರಾದರೂ ಹೇಳಬಹುದು. ಆ ತಟ್ಟೆಯ ಕೆಲಸವನ್ನು ಹತ್ತಿರದಿಂದ ನೋಡಬೇಕು. ಎರಡು ಟರ್ನ್‌ಟೇಬಲ್, ನಡುವೆ ಮಿಕ್ಸರ್. ಒಂದು ತಟ್ಟೆ ಸಭೆಗೆ ಕೇಳುತ್ತಿರುವಾಗ ಇನ್ನೊಂದನ್ನು ಹೆಡ್‌ಫೋನಿನಲ್ಲಿ ತಾನೊಬ್ಬನೇ ಕೇಳುತ್ತಾ, ಅದರ ವೇಗವನ್ನು ಕೂದಲೆಳೆಯಷ್ಟು ಏರಿಸಿ ಇಳಿಸಿ ಲಯ ಕೂಡಿಸಬೇಕು. ಆ ಕಾಲದಲ್ಲಿ ಡಿಜೆಗಳ ಕೈಗೆ ಒಗ್ಗಿದ್ದ ಟೆಕ್ನಿಕ್ಸ್ 1200 ಯಂತ್ರದಲ್ಲಿ ವೇಗವನ್ನು ಶೇ 8ರಷ್ಟು ಮಾತ್ರ ಹೆಚ್ಚು ಕಡಿಮೆ ಮಾಡಬಹುದಿತ್ತು. ಅದಕ್ಕಿಂತ ದೂರದ ಲಯದ ಹಾಡಾದರೆ ಸೇರಿಸುವ ದಾರಿಯೇ ಬೇರೆ.

ಕುಣಿಯುವ ಸಂಗೀತದಲ್ಲಿ ನಿಮಿಷಕ್ಕೆ 125 ಪೆಟ್ಟು ಎಂದಿಟ್ಟುಕೊಳ್ಳಿ. ಒಂದು ಪೆಟ್ಟಿನಿಂದ ಮುಂದಿನದಕ್ಕೆ ಅರ್ಧ ಸೆಕೆಂಡೂ ಇಲ್ಲ. ಡೌನ್‌ಟೆಂಪೊದಲ್ಲಿ 90ರ ಆಸುಪಾಸು, ಅಂತರ 0.67 ಸೆಕೆಂಡು. ಆ ಖಾಲಿ ಜಾಗದಲ್ಲಿ ಎಲ್ಲವೂ ಕೇಳಿಸುತ್ತದೆ. ಶ್ರುತಿ ಹೊಂದದಿದ್ದರೆ, ತಾಳ ಎಳೆದರೆ, ಎರಡು ಬೇಸ್‌ಗಳು ಒಂದನ್ನೊಂದು ನುಂಗಿದರೆ ಮರೆಮಾಚಲು ಅಬ್ಬರವಿಲ್ಲ. ಚೌಕ ಕಾಲದಲ್ಲಿ, ಅಂದರೆ ತೀರ ನಿಧಾನದ ಲಯದಲ್ಲಿ, ಹಾಡುವುದು ಎಷ್ಟು ಕಷ್ಟ ಎಂದು ಸಂಗೀತ ಕಲಿತವರಿಗೆ ಗೊತ್ತು. ಕ್ರೂಡರ್ ಮತ್ತು ಡೋರ್ಫ್‌ಮೈಸ್ಟರ್ ಅವರ ಹೆಚ್ಚುಗಾರಿಕೆ ಇರುವುದು ಇಲ್ಲೇ. ಮುಂದಿನ ಹಾಡು ಯಾವಾಗ ಒಳಗೆ ಬಂತು ಎಂದು ತಿಳಿಯುವಷ್ಟರಲ್ಲಿ ಹಿಂದಿನದು ಹೋಗಿರುತ್ತದೆ.

1998ರಲ್ಲಿ ಬಂದ ಎರಡು ಸಿಡಿಗಳ ‘ದ ಕೆ ಆ್ಯಂಡ್ ಡಿ ಸೆಷನ್ಸ್’ನಲ್ಲಿ ಅವರು ಇನ್ನೂ ಮುಂದೆ ಹೋದರು. ಬೇರೆಯವರ ಹಾಡುಗಳನ್ನು ಬಿಚ್ಚಿ, ತಮ್ಮ ಲಯದಲ್ಲಿ ಮತ್ತೆ ಕಟ್ಟಿದರು. ಡಿಪೆಷ್ ಮೋಡ್ ತಂಡದ ‘ಯೂಸ್‌ಲೆಸ್’ ಮೂಲದಲ್ಲಿ ಗಿಟಾರುಗಳು ಗುಡುಗುವ ಹಾಡು. ಇಲ್ಲಿ ಗಾಯಕನ ದನಿಯನ್ನು ಉಳಿಸಿಕೊಂಡು, ಅದರ ಕೆಳಗೆ ಆಳವಾದ ಬೇಸ್ ಹರಿಸಿದ್ದಾರೆ. ಮೂಲದಲ್ಲಿ ಸಿಟ್ಟಾಗಿದ್ದದ್ದು ಇಲ್ಲಿ ದಣಿವಾಗಿದೆ, ಮತ್ತು ನನಗೆ ಈ ದಣಿವೇ ಹೆಚ್ಚು ನಿಜ ಎನಿಸುತ್ತದೆ. ದನಿಗೆ ಮಾರ್ದನಿ ಹಚ್ಚಿ ದೂರಕ್ಕೆ ಕಳಿಸುವ ವಿದ್ಯೆ ಜಮೈಕಾದ ಡಬ್ ಸಂಗೀತದ್ದು. ಕಿಂಗ್ ಟಬ್ಬಿಯಂಥವರು ಕಟ್ಟಿದ ಆ ಪರಂಪರೆಯನ್ನು ಇವರು ಶ್ರದ್ಧೆಯಿಂದ ಕಲಿತಿದ್ದಾರೆ.

ಆಲ್ಬಂಗೆ ಮೆಚ್ಚುಗೆ ಧಾರಾಳವಾಗಿಯೇ ಸಿಕ್ಕಿತು. ಕೇಡಾದದ್ದು ಜನಪ್ರಿಯತೆಯಿಂದ. ಕೆಫೆ, ಹೋಟೆಲ್ ಲಾಬಿ, ಬಟ್ಟೆ ಅಂಗಡಿಗಳೆಲ್ಲ ಇದೇ ಬಗೆಯ ಸಂಗೀತವನ್ನು ಮೆಲ್ಲಗೆ ಹಾಕತೊಡಗಿದವು. ಅಗ್ಗದ ಸಂಕಲನಗಳು ಸಾಲುಗಟ್ಟಿದವು. ಇದು ಹಿನ್ನೆಲೆಯ ಸದ್ದು, ಕಿವಿಗೊಡಬೇಕಿಲ್ಲ ಎಂಬ ಟೀಕೆ ಬಂತು. ಅನುಕರಣೆಗಳ ಮಟ್ಟಿಗೆ ಅದು ಸರಿ. ಮೂಲಕ್ಕೂ ಅದನ್ನೇ ಅಂಟಿಸಿದ್ದು ಅನ್ಯಾಯ. ಮಳೆಗಾಲದಲ್ಲಿ ಕರೆಂಟು ಹೋಗಿ, ತೋಟದ ಕೆಲಸವೂ ನಿಂತ ಸಂಜೆ ಹೆಡ್‌ಫೋನಿನಲ್ಲಿ ಮೊದಲಿಂದ ಕೊನೆಯವರೆಗೆ ಕೇಳಿದರೆ ಒಂದೊಂದು ಪದರವೂ ಬಿಡಿಸಿಕೊಳ್ಳುತ್ತದೆ. ಈಗಿನ ಮೊಬೈಲ್ ಆ್ಯಪ್‌ಗಳು ಇಂಥ ಆಲ್ಬಂ ಅನ್ನು ತುಂಡು ತುಂಡಾಗಿ ಹಂಚುತ್ತವೆ. ಹಾಡುಗಳ ನಡುವಿನ ಹೊಲಿಗೆ ಹೋದ ಮೇಲೆ ಮಿಕ್ಸ್ ಎಲ್ಲಿ ಉಳಿಯಿತು?

ಬೆಂಗಳೂರಿನಲ್ಲೂ ಈ ನಿಧಾನ ಚಿಗುರಿದೆ. ತನ್ವಿ ರಾವ್ ಮತ್ತು ರಾಹುಲ್ ಗಿರಿ ಅವರ ‘ಸಲ್ಕ್ ಸ್ಟೇಷನ್’ 2012ರಲ್ಲಿ ‘ಟಿಲ್ ಯು ಅಪಿಯರ್’ ಹೊರತಂದಿತು. ಅದು ಮಿಕ್ಸ್ ಅಲ್ಲ, ಸ್ವಂತ ರಚನೆಗಳ ಆಲ್ಬಂ. ಹಿಂದೂಸ್ತಾನಿ ಗಾಯನದ ಛಾಯೆಯುಳ್ಳ ದನಿ ಎಲೆಕ್ಟ್ರಾನಿಕ್ ಬೇಸ್ ಮೇಲೆ ಆತುರವಿಲ್ಲದೆ ನಿಲ್ಲುತ್ತದೆ. ಕನ್ನಡದ ಸಂಗೀತ ವಿಮರ್ಶಕರು ಕಚೇರಿಗೆ ಕೊಡುವ ಗಂಭೀರ ಗಮನವನ್ನು ಇಂಥ ಕೆಲಸಕ್ಕೂ ಕೊಡಬೇಕು. ಲಯ, ಶ್ರುತಿ, ಕ್ರಮ ಎಲ್ಲವನ್ನೂ ಅಳೆಯುವ ಕಿವಿ ಅವರಲ್ಲಿ ಈಗಾಗಲೇ ಇದೆ.

ಕ್ರೂಡರ್ ಮತ್ತು ಡೋರ್ಫ್‌ಮೈಸ್ಟರ್ ತಾವು ತೊಂಬತ್ತರ ದಶಕದಲ್ಲಿ ಮಾಡಿ ಬದಿಗಿಟ್ಟಿದ್ದ ಸ್ವಂತ ರಚನೆಗಳನ್ನು 2020ರಲ್ಲಿ ‘1995’ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿದರು. ಸೊಗಸಾಗಿದೆ, ಪ್ರೀತಿಯಿಂದಲೇ ಕೇಳಿದೆ. ಆದರೆ ಪರರ ಹಾಡು ಕೈಗೆತ್ತಿಕೊಂಡಾಗ ಇವರಲ್ಲಿ ಏಳುವ ಕಾವು ಅಲ್ಲಿ ನನಗೆ ಸಿಗಲಿಲ್ಲ.