ಹೊಡೆತಗಾರರನ್ನು ತೂಗುವ ತಕ್ಕಡಿ

2012ರ ನವೆಂಬರ್‌ನಲ್ಲಿ ಅಮೆರಿಕದ ಬೇಸ್‌ಬಾಲ್ ಪ್ರೇಮಿಗಳು ಎರಡು ಪಾಳೆಯಗಳಾಗಿ ಒಡೆದರು. ಡೆಟ್ರಾಯಿಟ್ ಟೈಗರ್ಸ್ ತಂಡದ ಮಿಗೆಲ್ ಕಬ್ರೆರಾ ಆ ವರ್ಷ ಅಮೆರಿಕನ್ ಲೀಗ್‌ನಲ್ಲಿ ಬ್ಯಾಟಿಂಗ್ ಸರಾಸರಿ (0.330), ಹೋಂ ರನ್ (44), ತಂಡಕ್ಕೆ ದೊರಕಿಸಿಕೊಟ್ಟ ರನ್ (139) ಮೂರರಲ್ಲೂ ಮೊದಲಿಗರಾಗಿದ್ದರು. 'ಟ್ರಿಪಲ್ ಕ್ರೌನ್' ಎಂದು ಕರೆಯುವ ಈ ಸಾಧನೆಯನ್ನು 1967ರ ನಂತರ ಯಾರೂ ಮಾಡಿರಲಿಲ್ಲ. ಆದರೂ ಒಂದು ಪಾಳೆಯ, ಲೀಗ್‌ನ ಅತ್ಯಮೂಲ್ಯ ಆಟಗಾರ ಕಬ್ರೆರಾ ಅಲ್ಲ, ಏಂಜಲ್ಸ್ ತಂಡದ ಮೈಕ್ ಟ್ರೌಟ್ ಎಂದು ಪಟ್ಟು ಹಿಡಿಯಿತು. ಇದು ಅಭಿಮಾನಿಗಳ ಹಟವಷ್ಟೇ ಆಗಿರಲಿಲ್ಲ. ಆಟಗಾರನ ಬೆಲೆಯನ್ನು ಯಾವ ತಕ್ಕಡಿಯಲ್ಲಿ ತೂಗಬೇಕು ಎಂಬ ಮೂಲಭೂತ ಪ್ರಶ್ನೆ ಅದರ ಹಿಂದೆ ಇತ್ತು.

ಈ ತಕ್ಕಡಿಯ ಇತಿಹಾಸ ಕ್ರಿಕೆಟ್ ಬಲ್ಲ ನಮಗೆ ಕುತೂಹಲಕರ. ಬೇಸ್‌ಬಾಲ್‌ಗೆ ಅಂಕಪಟ್ಟಿಯನ್ನೂ ಬ್ಯಾಟಿಂಗ್ ಸರಾಸರಿಯನ್ನೂ ರೂಢಿಗೆ ತಂದವರಲ್ಲಿ ಪ್ರಮುಖರು ಹೆನ್ರಿ ಚಾಡ್ವಿಕ್. 1824ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ ಬಾಲ್ಯದಲ್ಲೇ ಬ್ರೂಕ್ಲಿನ್‌ಗೆ ಬಂದ ಅವರು ಮೊದಲು ಕ್ರಿಕೆಟ್ ವರದಿಗಾರರಾಗಿದ್ದವರು. ಚೆಂಡೆಸೆಯುವವನು ನಾಲ್ಕು ಕೆಟ್ಟ ಎಸೆತ ಹಾಕಿದರೆ ಬ್ಯಾಟ್ಸ್‌ಮನ್‌ಗೆ ಮೊದಲ ಬೇಸ್ ಪುಕ್ಕಟೆಯಾಗಿ ಸಿಗುತ್ತದೆ. ಇದಕ್ಕೆ 'ವಾಕ್' ಎಂದು ಹೆಸರು. ಅದು ಎಸೆಯುವವನ ತಪ್ಪೇ ಹೊರತು ಹೊಡೆಯುವವನ ಸಾಮರ್ಥ್ಯವಲ್ಲ ಎಂದು ಚಾಡ್ವಿಕ್ ನಂಬಿದ್ದರು. ಹೀಗಾಗಿ ವಾಕ್ ಸರಾಸರಿಯ ಲೆಕ್ಕದಿಂದ ಹೊರಗುಳಿಯಿತು. ಒಬ್ಬ ಪತ್ರಕರ್ತನ ಅಭಿಪ್ರಾಯ ಒಂದು ಶತಮಾನಕ್ಕೂ ಹೆಚ್ಚು ಕಾಲ ಆಟಗಾರರ ಹಣೆಬರಹ ಬರೆಯಿತು.

ಈ ಲೆಕ್ಕವನ್ನು ಪ್ರಶ್ನಿಸಿದವರಲ್ಲಿ ಎದ್ದುಕಾಣುವ ಹೆಸರು ಬಿಲ್ ಜೇಮ್ಸ್ ಅವರದು. ಕಾನ್ಸಾಸ್ ರಾಜ್ಯದ ಆಹಾರ ಕಾರ್ಖಾನೆಯೊಂದರಲ್ಲಿ ರಾತ್ರಿ ಕಾವಲುಗಾರರಾಗಿದ್ದ ಅವರು 1977ರಲ್ಲಿ ತಮ್ಮದೇ ಖರ್ಚಿನಲ್ಲಿ ವಾರ್ಷಿಕ ಸಂಚಿಕೆಯೊಂದನ್ನು ಹೊರತಂದರು. ಅವರ ವಾದ ಸರಳ. ಪಂದ್ಯ ಗೆಲ್ಲುವುದು ಸರಾಸರಿಯಿಂದಲ್ಲ, ರನ್‌ಗಳಿಂದ. ಒಂಬತ್ತು ಇನಿಂಗ್ಸ್‌ಗಳಲ್ಲಿ ಒಂದು ತಂಡದ ಕೈಯಲ್ಲಿರುವುದು 27 ಔಟ್‌ಗಳು ಮಾತ್ರ. ಆದ್ದರಿಂದ ಔಟಾಗದೆ ಬೇಸ್ ತಲುಪುವುದೇ ದೊಡ್ಡ ಸಂಪತ್ತು, ಅದು ಹಿಟ್‌ನಿಂದ ಬಂದರೇನು, ವಾಕ್‌ನಿಂದ ಬಂದರೇನು? ಬೇಸ್ ತಲುಪುವ ಪ್ರಮಾಣಕ್ಕೆ ಪ್ರತಿ ಯತ್ನದಲ್ಲಿ ಗಳಿಸಿದ ಬೇಸ್‌ಗಳ ಸರಾಸರಿಯನ್ನು ಜೋಡಿಸಿದರೆ ಹೊಡೆತಗಾರನ ನಿಜವಾದ ಕೊಡುಗೆ ಬಹುಮಟ್ಟಿಗೆ ಕಾಣುತ್ತದೆ.

ಎರಡು ಉದಾಹರಣೆ ನೋಡೋಣ. ಡೇವ್ ಕಿಂಗ್‌ಮನ್ ಅವರು ವೃತ್ತಿಜೀವನದಲ್ಲಿ 442 ಹೋಂ ರನ್ ಬಾರಿಸಿದವರು. ಆದರೆ ಅವರು ಬೇಸ್ ತಲುಪಿದ ಪ್ರಮಾಣ 0.302 ಮಾತ್ರ, ಅಂದರೆ ಹತ್ತರಲ್ಲಿ ಏಳು ಬಾರಿ ಔಟ್. ಇನ್ನೊಂದು ತುದಿಯಲ್ಲಿ 2004ರ ಬ್ಯಾರಿ ಬಾಂಡ್ಸ್ ಇದ್ದಾರೆ. ಆ ವರ್ಷ ಅವರ ಹೋಂ ರನ್‌ಗಳು 45, ವಾಕ್‌ಗಳು 232. ಅವುಗಳಲ್ಲಿ 120 ಸಲ ಎದುರಾಳಿಗಳು ಹೊಡೆತಕ್ಕೆ ಹೆದರಿ ಬೇಕೆಂದೇ ಅವರನ್ನು ಮೊದಲ ಬೇಸ್‌ಗೆ ಕಳುಹಿಸಿದ್ದರು. ಹತ್ತರಲ್ಲಿ ಆರು ಬಾರಿ ಅವರು ಔಟಾಗದೆ ಉಳಿದರು. ಹೋಂ ರನ್ ಪಟ್ಟಿಯಷ್ಟನ್ನೇ ನೋಡುವವರಿಗೆ ಈ ಅಂತರ ತಿಳಿಯುವುದೇ ಇಲ್ಲ. ಆದರೆ ಉದ್ದೀಪನ ಮದ್ದಿನ ಆರೋಪದ ನೆರಳಿನಲ್ಲಿ ಬಾಂಡ್ಸ್ ಅವರಿಗೆ 2022ರಲ್ಲಿ, ಪತ್ರಕರ್ತರ ಮತದಾನದ ಕೊನೆಯ ಅವಕಾಶದಲ್ಲೂ ಹಾಲ್ ಆಫ್ ಫೇಮ್‌ನ ಬಾಗಿಲು ತೆರೆಯಲಿಲ್ಲ. ಎಷ್ಟು ಗಳಿಸಿದರು ಎಂಬುದನ್ನು ಅಂಕಿ ಹೇಳೀತು, ಹೇಗೆ ಗಳಿಸಿದರು ಎಂಬುದನ್ನಲ್ಲ.

ಮರಳಿ 2012ಕ್ಕೆ ಬರೋಣ. ಟ್ರೌಟ್ ಗಳಿಸಿದ ಹೋಂ ರನ್ 30. ಆದರೆ ಅವರು 49 ಬೇಸ್ ಕದ್ದಿದ್ದರು, ಓಟದಲ್ಲೂ ಫೀಲ್ಡಿಂಗ್‌ನಲ್ಲೂ ಕಬ್ರೆರಾ ಅವರಿಗಿಂತ ಬಹಳ ಮುಂದಿದ್ದರು. ಸುಲಭವಾಗಿ ಸಿಗುವ ಸಾಧಾರಣ ಬದಲಿ ಆಟಗಾರನಿಗಿಂತ ಒಬ್ಬನಿಂದ ತಂಡಕ್ಕೆ ಎಷ್ಟು ಗೆಲುವು ಹೆಚ್ಚು ದಕ್ಕಿತು ಎಂದು ಅಂದಾಜಿಸುವ 'ವಾರ್' ಎಂಬ ಮಾಪನದಲ್ಲಿ ಟ್ರೌಟ್ ಹತ್ತನ್ನು ದಾಟಿದ್ದರೆ ಕಬ್ರೆರಾ ಏಳರ ಆಸುಪಾಸಿನಲ್ಲಿದ್ದರು. ಕಬ್ರೆರಾ ತಮ್ಮ ತಂಡವನ್ನು ಪ್ಲೇ ಆಫ್‌ಗೆ ಒಯ್ದರು ಎಂಬುದು ಅವರ ಪರವಾದ ವಾದ. ಸ್ವಾರಸ್ಯವೆಂದರೆ, ಪ್ಲೇ ಆಫ್ ತಲುಪದ ಏಂಜಲ್ಸ್ 89 ಪಂದ್ಯ ಗೆದ್ದಿತ್ತು, ತಲುಪಿದ ಟೈಗರ್ಸ್ 88. ಕೊನೆಗೆ 28 ಮೊದಲ ಸ್ಥಾನದ ಮತಗಳಲ್ಲಿ 22 ಕಬ್ರೆರಾ ಅವರಿಗೇ ಬಿದ್ದವು.

ಆದರೆ ಕಾಲ ಹೊಸ ಲೆಕ್ಕದ ಕಡೆಗೇ ಸರಿಯಿತು. 2022ರ ಕಾರ್ಮಿಕ ಒಪ್ಪಂದದಂತೆ, ಸಂಬಳದ ಚೌಕಾಸಿಗೆ ಇನ್ನೂ ಅರ್ಹರಾಗದ ಯುವ ಆಟಗಾರರಿಗಾಗಿ ವರ್ಷಕ್ಕೆ 5 ಕೋಟಿ ಡಾಲರ್ ನಿಧಿ ಮೀಸಲಾಯಿತು. ಅದರ ಬಹುಪಾಲನ್ನು ಹಂಚಲು 'ವಾರ್' ಮಾದರಿಯ ಸೂತ್ರವೇ ಆಧಾರವಾಯಿತು. ಸೂತ್ರ ಈಗ ಹರಟೆಯ ವಸ್ತುವಲ್ಲ, ಅನ್ನದ ಪ್ರಶ್ನೆ. ಹೀಗಿರುವಾಗ ಅದರ ಮಿತಿಯನ್ನೂ ಮರೆಯಬಾರದು. ವಿಶೇಷವಾಗಿ ಫೀಲ್ಡಿಂಗ್‌ನ ಅಂದಾಜು ಸೂತ್ರದಿಂದ ಸೂತ್ರಕ್ಕೆ ಬದಲಾಗುತ್ತದೆ. ಅರ್ಧ ಗೆಲುವಿನ ಅಂತರವನ್ನೇ ವೇದವಾಕ್ಯವೆಂದು ಬಗೆಯುವುದು ಹಳೆಯ ಮೌಢ್ಯದ ಹೊಸ ರೂಪ.

ಎಲ್ಲಕ್ಕಿಂತ ಕಠಿಣ ಪ್ರಶ್ನೆ ಬೇರೆಯೇ ಇದೆ. ಯಾರ ಆಟವನ್ನು ಎಣಿಕೆಗೆ ತೆಗೆದುಕೊಂಡೆವು? 1920ರಲ್ಲಿ ಬೇಬ್ ರೂತ್ ಒಬ್ಬರೇ 54 ಹೋಂ ರನ್ ಬಾರಿಸಿದರು. ಅವರ ಯಾಂಕೀಸ್ ಬಿಟ್ಟರೆ ಆ ಲೀಗ್‌ನ ಯಾವ ಇಡೀ ತಂಡಕ್ಕೂ ಅಷ್ಟು ಸಾಧ್ಯವಾಗಲಿಲ್ಲ. ಸಮಕಾಲೀನರನ್ನು ಇಷ್ಟು ಹಿಂದೆ ಹಾಕಿದವರು ವಿರಳ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಸಮಕಾಲೀನರ ಸಾಲಿನಲ್ಲಿ ಕರಿಯ ಆಟಗಾರರು ಇರಲಿಲ್ಲ, ಅವರಿಗೆ ಪ್ರವೇಶವಿರಲಿಲ್ಲ. ಅವರು ನೀಗ್ರೋ ಲೀಗ್‌ಗಳಲ್ಲಿ ಆಡಿದರು, ಅಧಿಕೃತ ದಾಖಲೆಯ ಹೊರಗೇ ಉಳಿದರು.

2020ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಆ ಲೀಗ್‌ಗಳಿಗೆ ಸಮಾನ ಸ್ಥಾನ ನೀಡಿತು. 2024ರ ಮೇ ತಿಂಗಳಲ್ಲಿ ಅವುಗಳ ಅಂಕಿಗಳು ಅಧಿಕೃತ ಪಟ್ಟಿಗೆ ಸೇರಿದವು. ಜೋಶ್ ಗಿಬ್ಸನ್ ಜೀವಮಾನದ ಸರಾಸರಿಯಲ್ಲಿ (0.372) ಟೈ ಕಾಬ್ ಅವರನ್ನೂ, ಹೊಡೆತದ ಬಲವನ್ನು ಅಳೆಯುವ ಸ್ಲಗಿಂಗ್‌ನಲ್ಲಿ (0.718) ರೂತ್ ಅವರನ್ನೂ ಹಿಂದಿಕ್ಕಿ ಮೊದಲ ಸ್ಥಾನಕ್ಕೇರಿದರು. ಆ ಲೀಗ್‌ಗಳ ಋತು ಚಿಕ್ಕದು, ಪಂದ್ಯಗಳು ಕಡಿಮೆ, ಹೋಲಿಕೆ ಸರಿಯಲ್ಲ ಎಂಬ ಆಕ್ಷೇಪದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಪಂದ್ಯಗಳು ಕಡಿಮೆಯಾದದ್ದು ಗಿಬ್ಸನ್ ಅವರ ಆಯ್ಕೆಯೇನಲ್ಲ. ಅಲ್ಲದೆ ರೂತ್ ಅವರ ಅಂಕಿಗಳೂ ಅತ್ಯುತ್ತಮ ಕರಿಯ ಎಸೆತಗಾರರನ್ನು ಎದುರಿಸದೆ ಬಂದವು. ಕೊರತೆ ಎರಡೂ ಕಡೆ ಇದೆ. ನೂರು ವರ್ಷ ನಾವು ಒಂದು ಕಡೆಯದನ್ನಷ್ಟೇ ಕೊರತೆ ಎಂದು ಕರೆದೆವು.

ಗಿಬ್ಸನ್ 1947ರ ಜನವರಿಯಲ್ಲಿ, 35ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದೇ ಏಪ್ರಿಲ್‌ನಲ್ಲಿ ಜಾಕಿ ರಾಬಿನ್‌ಸನ್ ಬ್ರೂಕ್ಲಿನ್ ಪರ ಕಣಕ್ಕಿಳಿದು ಮೇಜರ್ ಲೀಗ್‌ನ ವರ್ಣಭೇದದ ಗೋಡೆಯನ್ನು ಮುರಿದರು. ಗಿಬ್ಸನ್ ಅವರ ಹೆಸರು ಪಟ್ಟಿಯ ತುದಿಗೆ ಬರಲು ಮತ್ತೆ 77 ವರ್ಷ ಬೇಕಾಯಿತು. ಅಷ್ಟೂ ಕಾಲ ಅಂಕಿ ಸುಳ್ಳು ಹೇಳಿರಲಿಲ್ಲ. ಅದನ್ನು ಬರೆದಿಡುವವರು ಅರ್ಧ ಪುಟವನ್ನು ಖಾಲಿ ಬಿಟ್ಟಿದ್ದರು, ಅಷ್ಟೆ.